ರೋಹು ಮೀನಿಗೂ ರೋಹ್ತಕ್, ರೋಹ್ತಾಸ್ ಊರುಗಳಿಗೂ ಒಂದೇ ಹೆಸರು ಬಂದದ್ದು ಹೇಗೆ?

ಮೀನಿನಿಂದ ಊರಿಗೆ ಹೆಸರು ಬಂದಿತೋ, ಊರಿನಿಂದ ಮೀನಿಗೆ ಬಂದಿತೋ ಎಂದು ಕೇಳಿದ್ದೀರಿ. ರೋಹು ಮೀನು, ಹರಿಯಾಣದ ರೋಹ್ತಕ್, ಬಿಹಾರದ ರೋಹ್ತಾಸ್ ಮೂರನ್ನೂ ಮುಂದಿಟ್ಟುಕೊಂಡು ಬೀದರಿನ ಶಾಲೆಯೊಂದರ ಸ್ಮರಣ ಸಂಚಿಕೆಗೆ ಲೇಖನ ಬರೆಯುತ್ತಿರುವುದಾಗಿಯೂ, ಎರಡು ವಾದಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯುತ್ತಿಲ್ಲವೆಂದೂ ಬರೆದಿದ್ದೀರಿ. ದಯವಿಟ್ಟು ಎರಡನ್ನೂ ಹಿಡಿಯಬೇಡಿ. 2008ರಲ್ಲಿ ಇದೇ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡು, ಮೀನಿನಿಂದಲೇ ಊರಿಗೆ ಹೆಸರು ಬಂದಿತೆಂದು ತೀರ್ಮಾನಿಸಿ, ಆ ತೀರ್ಮಾನವನ್ನು 500 ಪ್ರತಿ ಅಚ್ಚು ಹಾಕಿಸಿದವನು ನಾನು. ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರತಿಗಳು ಈಗಲೂ ನಮ್ಮ ಮನೆಯ ಅಟ್ಟದ ಮೇಲಿವೆ.

ಆಗ ನಾನು ಭೀಮೆಯ ದಂಡೆಯ ಒಂದು ಊರಿನಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕನಾಗಿದ್ದೆ. ಯಾದಗಿರಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಕಚೇರಿಯ ಕೆಲಸ ಯಾವುದೇ ಇರಲಿ, ಗುಲ್ಬರ್ಗದ ಬಸ್ಸು ಹತ್ತಬೇಕಾಗಿತ್ತು. ಚಿಕ್ಕಂದಿನಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವನಾದ್ದರಿಂದ ಅಮರಕೋಶವೆಂಬ ಹಳೆಯ ಸಂಸ್ಕೃತ ಪದ್ಯ ನಿಘಂಟಿನ ಮೊದಲ ಕಾಂಡ ನನಗೆ ಬಾಯಿಪಾಠವಾಗಿತ್ತು. ಆ ಬಾಯಿಪಾಠದ ಬಗ್ಗೆ ನನಗೆ ಇದ್ದ ಹೆಮ್ಮೆ ಸಣ್ಣದಲ್ಲ. ಶಾಲೆಯಲ್ಲಿ ಯಾರಾದರೂ ಒಂದು ಶಬ್ದದ ಅರ್ಥ ಕೇಳಿದರೆ ಅರ್ಥಕ್ಕಿಂತ ಮೊದಲು ಶ್ಲೋಕವನ್ನೇ ಹೇಳುತ್ತಿದ್ದೆ. ಹೀಗಿರುವಾಗ ಸೈನ್ಯದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರೋಹ್ತಕ್‌ನಿಂದ ಫೋನು ಮಾಡಿದ. ಅದೇ ವಾರದ ಸಂತೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳೊಬ್ಬಳು 'ರಾವ್ ರಾವ್' ಎಂದು ಕೂಗುತ್ತಿದ್ದಳು. ಯಾವ ಮೀನೆಂದು ಕೇಳಿದಾಗ ಪಕ್ಕದಲ್ಲಿದ್ದವರು ರೋಹು ಎಂದರು. ರೋಹು, ರೋಹ್ತಕ್, ತಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡವು. ನಾನು ಮೀನು ತಿನ್ನುವವನಲ್ಲ, ಅಂದಿನವರೆಗೆ ಮೀನನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದನ್ನು ಹೇಳಲೇಬೇಕು.

ಮನೆಗೆ ಬಂದವನೇ ಅಮರಕೋಶವನ್ನು ತೆರೆದೆ. ತೆರೆದದ್ದು ವಾರಿವರ್ಗವನ್ನು, ಅಂದರೆ ನೀರು, ನದಿ, ಮೀನು, ಕಮಲಗಳ ಹೆಸರುಗಳಿರುವ ಭಾಗವನ್ನು. 'ರೋಹಿತೋ ಮದ್ಗುರಃ ಶಾಲೋ ರಾಜೀವಃ ಶಕುಲಸ್ತಿಮಿಃ' ಎಂಬ ಸಾಲು ಅಲ್ಲಿತ್ತು. ರೋಹಿತ ಎಂದರೆ ಒಂದು ಜಾತಿಯ ಮೀನು. ಮಹಾಭಾರತದ ಸಭಾಪರ್ವದಲ್ಲಿ ನಕುಲನು ಪಶ್ಚಿಮ ದಿಕ್ಕನ್ನು ಗೆಲ್ಲಲು ಹೊರಟಾಗ ಕಾರ್ತಿಕೇಯನಿಗೆ ಪ್ರಿಯವಾದ ರೋಹೀತಕ ಎಂಬ ಸ್ಥಳಕ್ಕೆ ಬರುತ್ತಾನೆಂಬುದೂ, ಅದೇ ಇಂದಿನ ರೋಹ್ತಕ್ ಎಂಬುದೂ ನನಗೆ ಗೊತ್ತಿತ್ತು. ರೋಹಿತ ಮೀನು, ರೋಹೀತಕ ಊರು, ಇನ್ನೇನು ಬೇಕು? ಪುಸ್ತಕ ಮುಚ್ಚಿದೆ.

ನನ್ನ ತಪ್ಪು ಆ ಮುಚ್ಚುವಿಕೆಯಲ್ಲಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ನಾನು ನಿಘಂಟನ್ನು ನೋಡದೆ ಬರೆದವನಲ್ಲ, ನೋಡಿಯೇ ಬರೆದವನು. ಆದರೆ ಏನು ಸಿಗಬೇಕೆಂದು ಮೊದಲೇ ನಿರ್ಧರಿಸಿ, ಅದು ಸಿಗುವ ವರ್ಗವನ್ನೇ ತೆರೆದು, ಸಿಕ್ಕ ಕೂಡಲೇ ನಿಲ್ಲಿಸಿದೆ. ಅಮರಕೋಶವನ್ನು ರಚಿಸಿದ ಅಮರಸಿಂಹನು ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಿಲ್ಲ, ವಿಷಯದ ಪ್ರಕಾರ ಜೋಡಿಸಿದ್ದಾನೆ. ಅಕಾರಾದಿ ನಿಘಂಟಿನಲ್ಲಿ ಒಂದು ಶಬ್ದದ ಎಲ್ಲ ಅರ್ಥಗಳೂ ಒಂದೇ ಕಡೆ ಕಣ್ಣಿಗೆ ಬೀಳುತ್ತವೆ, ಬೇಡವೆಂದರೂ ಬೀಳುತ್ತವೆ. ಅಮರಕೋಶದಲ್ಲಿ ನೀರಿಗೆ ಹೋದವನಿಗೆ ನೀರಿನದು ಮಾತ್ರ ಸಿಗುತ್ತದೆ. ಇನ್ನೂ ನಾಚಿಕೆಯ ಸಂಗತಿಯೆಂದರೆ, ಅದೇ ಮೊದಲ ಕಾಂಡದ ಧೀವರ್ಗದಲ್ಲಿ ಬಣ್ಣಗಳ ಹೆಸರು ಬರುವಲ್ಲಿ 'ಲೋಹಿತೋ ರೋಹಿತೋ ರಕ್ತಃ ಶೋಣಃ ಕೋಕನದಚ್ಛವಿಃ' ಎಂಬ ಸಾಲಿದೆ, ಅದನ್ನು ನಾನು ಹತ್ತನೆಯ ವಯಸ್ಸಿನಿಂದ ದಿನ ಬೆಳಗಾದರೆ ಹೇಳುತ್ತ ಬಂದಿದ್ದೆ. ರೋಹಿತ ಎಂದರೆ ಕೆಂಪು ಎಂಬುದು ನನ್ನ ನಾಲಗೆಯ ಮೇಲೆಯೇ ಇತ್ತು. ನಾಲಗೆಯ ಮೇಲಿದ್ದದ್ದು ತಲೆಗೆ ಹತ್ತಿರಲಿಲ್ಲ.

ಚೀಟಿ ಎತ್ತಿದ ಹಣದಲ್ಲಿ 14,000 ರೂಪಾಯಿ ಕೊಟ್ಟು 48 ಪುಟಗಳ ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಿದೆ. ಅದರ 17ನೆಯ ಪುಟದಲ್ಲಿ, ಉತ್ತರದ ಊರುಗಳು ರೋಹಿತ ಮೀನಿನಿಂದ ಹೆಸರು ಪಡೆದಂತೆಯೇ ಅನಾದಿ ಕಾಲದಿಂದ ಆ ಮೀನು ತುಂಬಿರುವ ನಮ್ಮ ಭೀಮಾ ದಂಡೆಯ ಊರುಗಳ ಹೆಸರುಗಳಲ್ಲಿಯೂ ಅದರ ಗುರುತನ್ನು ಹುಡುಕಬೇಕು ಎಂದು ಬರೆದೆ. 'ಅನಾದಿ ಕಾಲದಿಂದ' ಎಂಬ ಮಾತನ್ನು ಎಲ್ಲಿಂದ ತಂದೆನೆಂದು ಈಗ ನೆನೆದರೂ ಗೊತ್ತಾಗುವುದಿಲ್ಲ. ರಾಜ್ಯೋತ್ಸವದ ದಿನ ಶಾಲೆಯ ಅಂಗಳದಲ್ಲಿ ಬಿಡುಗಡೆಯಾಯಿತು. ಭಾಷಣ ಮುಗಿಸಿ, ಯಾರಿಗಾದರೂ ಸಂದೇಹವಿದ್ದರೆ ಕೇಳಬಹುದೆಂದೆ. ಹಿಂದಿನ ಸಾಲಿನಲ್ಲಿ ಮೊಮ್ಮಗಳ ನೃತ್ಯ ನೋಡಲು ಬಂದು ಕುಳಿತಿದ್ದ ಅಂಬಿಗರ ಮುದುಕರೊಬ್ಬರು ಎದ್ದು ನಿಂತರು.

"ಸರ, ಈ ರಾವ್ ಮೀನ ನಮ್ಮ ಹೊಳೀದ ಅಲ್ರಿ. ನಮ್ಮಪ್ಪನ ಕಾಲದಾಗ ಇದರ ಹೆಸರೇ ಕೇಳಿರಲಿಲ್ರಿ. ಸರಕಾರದವ್ರು ಮರಿ ತಂದು ಕೆರಿಗಿ ಬಿಟ್ರು, ಕೆರಿ ತುಂಬಿ ಹರದು ಹೊಳಿಗಿ ಬಂತು. ನೀವು ಹಳೇ ಕಾಲದಿಂದ ಅದ ಅಂತ ಹೆಂಗ ಬರದೀರಿ?"

ಸಭೆ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ನಾನು ಏನೋ ಹೇಳಿ ಕುಳಿತೆ. ಅವರು ಹೇಳಿದ್ದು ಅಕ್ಷರಶಃ ನಿಜ. ರೋಹು, ಕಾಟ್ಲಾ, ಮೃಗಾಲ್ ಮೂರೂ ಉತ್ತರದ ಹೊಳೆಗಳ ಮೀನುಗಳು. ಅವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಪ್ರವಾಹವೇ ಬೇಕು. ಹಾಗಾಗಿ ಬಹುಕಾಲ ಅವುಗಳ ಮರಿಗಳನ್ನು ನದಿಗಳಲ್ಲಿಯೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯ ಸತ್ವವನ್ನು ಚುಚ್ಚಿ, ಸಾಕಿದ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ಈಗಲೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅದಾದ ಮೇಲೆ ಮೀನುಮರಿ ದಕ್ಷಿಣದ ಕೆರೆಕೆರೆಗೂ ತಲುಪಿತು. ನಾನು 'ಅನಾದಿ' ಎಂದದ್ದಕ್ಕೆ ನನ್ನಷ್ಟೂ ವಯಸ್ಸಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಆ ಹಿರಿಯರು ಹೊಳೆಯ ದಂಡೆಗೆ ಕರೆದರು. ಸಮಾಧಾನಪಡಿಸಲೆಂದೇ ಕರೆದಿರಬೇಕು. ಬಲೆಯಿಂದ ತೆಗೆದ ಒಂದು ರೋಹುವನ್ನು ಗೋಣಿಯ ಮೇಲೆ ಮಲಗಿಸಿ, ಹೆಬ್ಬೆರಳಿನ ಉಗುರಿನಿಂದ ಒಂದು ಹುರುಪೆಯನ್ನು ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟರು. ಎಂಟಾಣೆಯ ನಾಣ್ಯದಷ್ಟು ಅಗಲ, ನೀರು ಹಿಡಿದ ಅಭ್ರಕದಂತೆ ತೆಳು. ಬಿಸಿಲಿಗೆ ಹಿಡಿದಾಗ ಅದರ ನಡುವೆ ಕೆಂಪು ಛಾಯೆ ಕಂಡಿತು. ಮೀನಿನ ಮೈಮೇಲೆ ನೋಡಿದರೆ ಬೆನ್ನು ಕಂದು, ಹೊಟ್ಟೆ ಬೆಳ್ಳಿ, ಪಕ್ಕೆಯ ಹುರುಪೆಗಳ ಸಾಲಿನಲ್ಲಿ ಮಾತ್ರ ಆ ಕೆಂಪು ಅಲ್ಲಲ್ಲಿ ಇಣುಕುತ್ತಿತ್ತು, ಕಣ್ಣಿನಲ್ಲಿಯೂ ಕೆಂಪಿತ್ತು. "ಶ್ರಾವಣದಾಗ ಇನ್ನೂ ಕೆಂಪ ಆಗ್ತದ್ರಿ" ಎಂದರು. ನನ್ನ ವಾದವನ್ನು ಒಡೆದವರೇ ಸರಿಯಾದ ಉತ್ತರವನ್ನೂ ಅಂಗೈಗೆ ಹಾಕಿದ್ದರು. ಆದರೆ ನನಗೆ ಅದು ಆಗ ಹೊಳೆಯಲಿಲ್ಲ.

ಹೊಳೆದದ್ದು ಕಲಬುರಗಿಯಲ್ಲಿದ್ದ ನಮ್ಮ ಸಂಸ್ಕೃತದ ಗುರುಗಳ ಮನೆಗೆ ಹೊತ್ತಿಗೆಯ ಪ್ರತಿ ಕೊಡಲು ಹೋದಾಗ. ಪುಟ ತಿರುವಿದ ಗುರುಗಳು 17ನೆಯ ಪುಟದಲ್ಲಿ ನಿಂತರು. "ಅಮರದಾಗ ಯಾವ ವರ್ಗ ತಗದು ನೋಡಿದಿಪ್ಪ?" ವಾರಿವರ್ಗವೆಂದೆ. "ಮೀನ ಬೇಕಾಗಿತ್ತು, ನೀರಾಗ ಹುಡುಕಿದಿ, ಸಿಕ್ತು. ಗಿಡದಾಗ ಯಾಕ ಹುಡುಕಲಿಲ್ಲ?" ಎಂದು ಎರಡನೆಯ ಕಾಂಡದ ವನೌಷಧಿವರ್ಗದ ಸಾಲೊಂದನ್ನು ಹೇಳಿದರು: 'ರೋಹೀ ರೋಹಿತಕಃ ಪ್ಲೀಹಶತ್ರುರ್ದಾಡಿಮಪುಷ್ಪಕಃ.' ರೋಹಿತಕವೆಂಬುದು ಒಂದು ಮರ. ಪ್ಲೀಹದ, ಅಂದರೆ ಗುಲ್ಮದ ರೋಗಕ್ಕೆ ಔಷಧವಾದದ್ದು, ದಾಳಿಂಬೆಯಂಥ ಹೂವುಳ್ಳದ್ದು. ನಾನು ಕಲಿತದ್ದು ಮೊದಲ ಕಾಂಡ ಮಾತ್ರ. ಎರಡನೆಯ ಕಾಂಡಕ್ಕೆ ಬರುವ ಮೊದಲೇ ಪ್ರಸಾದ ನಿಲಯ ಬಿಟ್ಟಿದ್ದೆ. ಅದೇ ಕಾಂಡದ ಸಿಂಹಾದಿವರ್ಗದಲ್ಲಿ ರೋಹಿತವೆಂಬ ಜಿಂಕೆಯೂ ಇದೆ. ಹೀಗೆ ಬಣ್ಣದಲ್ಲೊಂದು, ನೀರಿನಲ್ಲೊಂದು, ಗಿಡದಲ್ಲೊಂದು, ಮೃಗದಲ್ಲೊಂದು, ನಾಲ್ಕು ಕಡೆ ಒಂದೇ ಶಬ್ದ ಕುಳಿತಿದೆ. ನಾನು ನಾಲ್ಕರಲ್ಲಿ ಒಂದನ್ನು ನೋಡಿ ಉಳಿದ ಮೂರಕ್ಕೆ ಅದನ್ನೇ ತಂದೆಯಾಗಿಸಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೀನು ಊರಿಗೆ ತಂದೆಯಲ್ಲ, ಊರು ಮೀನಿಗೆ ತಂದೆಯಲ್ಲ. ಎರಡೂ ಕೆಂಪಿನ ಮಕ್ಕಳು. ರೋಹಿತ ಎಂಬ ಗುಣವಾಚಕ ಬಹಳ ಹಳೆಯದು. ಋಗ್ವೇದದಲ್ಲಿ ಅಗ್ನಿಗೆ ರೋಹಿದಶ್ವ, ಅಂದರೆ ಕೆಂಪು ಕುದುರೆಗಳವನು ಎಂಬ ವಿಶೇಷಣವಿದೆ; ಅಥರ್ವವೇದದ 13ನೆಯ ಕಾಂಡದಲ್ಲಿ ಸೂರ್ಯನನ್ನು ರೋಹಿತನೆಂದು ಕೊಂಡಾಡಲಾಗಿದೆ. ರಕಾರ ಲಕಾರವಾದಾಗ ಅದೇ ಲೋಹಿತ. ಅರುಣಾಚಲದ ಲೋಹಿತ್ ನದಿಯ ಹೆಸರು ಅದರಿಂದಲೇ ಬಂದಿದೆ. ರೋಹಿತದ ಸ್ತ್ರೀಲಿಂಗದಲ್ಲಿ ತಕಾರ ನಕಾರವಾಗಿ ರೋಹಿಣಿ ಆಗುತ್ತದೆ, ಪಾಣಿನಿಯಲ್ಲಿ ಇದಕ್ಕೊಂದು ಸೂತ್ರವೇ ಇದೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಮ್ಮ ರೈತರು ಹೇಳುವಾಗ ಆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಬರಿಗಣ್ಣಿಗೂ ಕೆಂಪಾಗಿ ಕಾಣುತ್ತದೆ. ಇಂಗ್ಲಿಷಿನ 'ರೆಡ್' ಕೂಡ ಇದೇ ಕುಲದ ದೂರದ ದಾಯಾದಿ.

ಮೀನಿಗೆ ಈ ಹೆಸರು ಬಂದದ್ದು ಮೈಬಣ್ಣದಿಂದ. ಅದೂ ಹಳೆಯ ಹೆಸರೇ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ದೇವಕಾರ್ಯ, ಪಿತೃಕಾರ್ಯಗಳಿಗೆ ಸಲ್ಲುವ ಮೀನುಗಳೆಂದು ಪಾಠೀನ, ರೋಹಿತಗಳನ್ನು ಮೊದಲು ಹೆಸರಿಸಿದ್ದಾರೆ. ಆಡುಮಾತಿನಲ್ಲಿ ನಡುವಿನ ತಕಾರ ಸವೆದು ಹಿಂದಿಯಲ್ಲಿ ರೋಹು, ಬಂಗಾಳಿಯಲ್ಲಿ ರುಯಿ, ನಮ್ಮ ಸಂತೆಯಲ್ಲಿ ರಾವ್ ಆಯಿತು. ವಿಜ್ಞಾನದ ಪುಸ್ತಕಕ್ಕೆ ಈ ಹೆಸರನ್ನು ಏರಿಸಿದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಜಾತಿ, ಮಗ್ಗಗಳ ಲೆಕ್ಕ ಬರೆದವನೂ ಅವನೇ. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದಾಗ, ಊರವರ ಬಾಯಲ್ಲಿದ್ದ ಹೆಸರುಗಳನ್ನೇ ಲ್ಯಾಟಿನ್ನಿಗೆ ತೊಡಿಸಿದ. ಲೇಬಿಯೊ ರೋಹಿತ, ಕಾಟ್ಲಾ, ಮೃಗಾಲ ಎಲ್ಲವೂ ಹೀಗೆ ಉಳಿದವು.

ರೋಹ್ತಕ್ ಮರದ ಊರು. ಸ್ವಲ್ಪ ಭೂಪಟ ನೋಡಿದ್ದರೂ ನನ್ನ 14,000 ರೂಪಾಯಿ ಉಳಿಯುತ್ತಿತ್ತು: ಅದು ಒಣ ಬಯಲು, ದೊಡ್ಡ ನದಿಯಾದ ಯಮುನೆ ಪೂರ್ವಕ್ಕೆ ಐವತ್ತು ಕಿಲೋಮೀಟರಿಗೂ ಆಚೆಗಿದೆ. ಹೊಳೆಯಿಲ್ಲದ ಊರಿಗೆ ಹೊಳೆಮೀನಿನ ಹೆಸರಿಡುವವರು ಯಾರು? ರಾಜಸ್ಥಾನ, ಹರಿಯಾಣಗಳ ಒಣನೆಲದಲ್ಲಿ ಬೆಳೆಯುವ, ಕಿತ್ತಳೆಗೆಂಪು ಹೂ ಬಿಡುವ ರೋಹಿಡಾ ಮರವನ್ನು ಈಗಲೂ ಅದೇ ಹೆಸರಿನಿಂದ ಕರೆಯುತ್ತಾರೆ. ಆ ಊರಿನ ಹಳಮೆಗೆ ಮಹಾಭಾರತವೊಂದೇ ಸಾಕ್ಷಿಯಲ್ಲ. ಅಲ್ಲಿಯ ಖೋಖ್ರಾಕೋಟ್ ದಿಬ್ಬದಲ್ಲಿ 1936ರಲ್ಲಿ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ ಯೌಧೇಯರೆಂಬ ಪ್ರಾಚೀನ ಗಣದವರ ನಾಣ್ಯ ಎರಕದ ಮಣ್ಣಿನ ಅಚ್ಚುಗಳನ್ನು ಪತ್ತೆ ಹಚ್ಚಿದರು.

ರೋಹ್ತಾಸ್ ಬೇರೆಯೇ ಕಥೆ, ನನ್ನನ್ನು ಹೆಚ್ಚು ಕಾಡುವುದೂ ಇದೇ. ಶೋಣ್ ನದಿಯ ಕಣಿವೆಯ ಮೇಲಿನ ಬೆಟ್ಟದಲ್ಲಿರುವ ಆ ಕೋಟೆಗೆ ಹರಿಶ್ಚಂದ್ರನ ಮಗ ರೋಹಿತಾಶ್ವನ ಹೆಸರಿದೆ. ಐತರೇಯ ಬ್ರಾಹ್ಮಣವೆಂಬ ವೈದಿಕ ಗ್ರಂಥದಲ್ಲಿ ಅವನು ಬರೀ ರೋಹಿತ. ವರುಣನಿಗೆ ಬಲಿಯಾಗಬೇಕಾದ ಹುಡುಗ, ಕಾಡಿನಲ್ಲಿ ಅಲೆಯುವ ಅವನಿಗೇ ಇಂದ್ರನು 'ಚರೈವೇತಿ', ನಡೆಯುತ್ತಲೇ ಇರು ಎನ್ನುತ್ತಾನೆ. ಅದೇ ಹುಡುಗ ನಮ್ಮ ರಾಘವಾಂಕನಲ್ಲಿ ಲೋಹಿತಾಶ್ವ. ನಮ್ಮೂರ ಬಯಲಾಟದಲ್ಲಿ ಹಾವು ಕಚ್ಚಿ ಬೀಳುವ ಲೋಹಿತಾಶ್ವನ ಪಾತ್ರವನ್ನು ಏಳನೆಯ ತರಗತಿಯಲ್ಲಿ ನಾನೇ ಹಾಕಿದ್ದೆ. ಆ ಹೆಸರಿನೊಳಗೆ ರೋಹ್ತಾಸ್ ಇದೆಯೆಂದು ನಲವತ್ತು ದಾಟಿದ ಮೇಲೂ ತಿಳಿದಿರಲಿಲ್ಲ. ಕೋಟೆಯ ಕೆಳಗೆ ನದಿಯಿದೆ, ನದಿಯಲ್ಲಿ ಮೀನಿದೆ, ಆದ್ದರಿಂದ ಇಲ್ಲಿ ಮೀನಿನ ವಾದ ಸುಲಭವಾಗಿ ಮೋಸ ಮಾಡುತ್ತದೆ. ಆದರೆ ನದಿಯ ಹೆಸರನ್ನು ಗಮನಿಸಿ: ಶೋಣ ಎಂದರೂ ಕೆಂಪೇ. ಮೇಲೆ ಹೇಳಿದ ಅಮರನ ಅದೇ ಸಾಲಿನಲ್ಲಿ ರೋಹಿತವೂ ಶೋಣವೂ ಒಂದು ಪದದ ಅಂತರದಲ್ಲಿವೆ. ಒಂದು ಬೆಟ್ಟದ ಮೇಲೆ, ಇನ್ನೊಂದು ಬೆಟ್ಟದ ಬುಡದಲ್ಲಿ.

ಇನ್ನು, 1538ರಲ್ಲಿ ಈ ಕೋಟೆಯನ್ನು ವಶಪಡಿಸಿಕೊಂಡ ಶೇರ್ ಶಾಹನು 1541ರಲ್ಲಿ ಇಂದಿನ ಪಾಕಿಸ್ತಾನದ ಝೇಲಂ ಬಳಿ ಇನ್ನೊಂದು ಕೋಟೆ ಕಟ್ಟಲು ಆರಂಭಿಸಿ, ಅದಕ್ಕೂ ರೋಹ್ತಾಸ್ ಎಂದೇ ಹೆಸರಿಟ್ಟ. ಅಲ್ಲಿ ಕೆಂಪೂ ಇಲ್ಲ, ಮರವೂ ಇಲ್ಲ, ಹರಿಶ್ಚಂದ್ರನ ಮಗನೂ ಇಲ್ಲ. ಒಂದು ಕೋಟೆಯ ನೆನಪು ಮಾತ್ರ ಇದೆ. ಅಂದಮೇಲೆ ಒಂದೇ ಹೆಸರಿನ ಎರಡು ಊರುಗಳಿಗೂ ಒಂದೇ ಕಾರಣವಿರಬೇಕಾಗಿಲ್ಲ. ಉತ್ತರ ಪ್ರದೇಶದ ರೋಹಿಲಖಂಡವಂತೂ ಈ ಕುಟುಂಬಕ್ಕೇ ಸೇರಿದ್ದಲ್ಲ. ಅದು 'ರೋಹ್', ಅಂದರೆ ಬೆಟ್ಟದ ಸೀಮೆಯಿಂದ ಬಂದ ಪಠಾಣರ ಹೆಸರು. ನಿಮ್ಮ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದೀರಿ, ತೆಗೆದುಹಾಕಿ.

ಲೇಖನದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, 'ಯಾವುದು ಮೊದಲು' ಎಂಬ ತಲೆಬರಹವನ್ನೇ ಕಿತ್ತು ಹಾಕಿ 'ಕೆಂಪು' ಎಂದು ಬರೆಯಿರಿ. ಉತ್ತರದ ಊರುಗಳ ಜೊತೆಗೆ ನಮ್ಮ ಕಡೆಯ ಹೆಸರುಗಳನ್ನು ಕಿವಿಯ ಮೇಲೆ ನಂಬಿಕೆಯಿಟ್ಟು ಸೇರಿಸಲು ಹೋಗಬೇಡಿ. ಗುಲ್ ಎಂದರೆ ಹೂ, ಬರ್ಗ್ ಎಂದರೆ ಎಲೆ ಎಂದು ಫಾರಸಿಯಲ್ಲಿ ಗುಲ್ಬರ್ಗವನ್ನು ಬಿಡಿಸಿದವರ ಕಿವಿಗೆ ಅದರೊಳಗಿನ ಕಲ್ಲು ಕೇಳಿಸಿರಲಿಲ್ಲ; 2014ರ ನವೆಂಬರ್ 1ರಂದು ಊರು ಮತ್ತೆ ಅಧಿಕೃತವಾಗಿ ಕಲಬುರಗಿಯಾಯಿತು. ನಿಮ್ಮ ಬೀದರಿಗೂ ವಿದುರನನ್ನು ಕರೆತಂದು ಕೂರಿಸುವವರಿದ್ದಾರೆ. ನಾನಂತೂ ಬಿದಿರಿನ ಪಕ್ಷ. ಊರುಗಳಿಗೆ ಹೆಸರು ಕೊಡುವುದರಲ್ಲಿ ಗಿಡಮರಗಳಷ್ಟು ಉದಾರಿಗಳು ಬೇರಿಲ್ಲ.

ಮೀನಿನ ವಿಷಯ ಬರೆಯಲೇಬೇಕೆಂದಿದ್ದರೆ ರೋಹ್ತಕ್ಕಿಗೆ ಹೋಗುವ ಮೊದಲು ಬಸವಕಲ್ಯಾಣಕ್ಕೆ ಹೋಗಿ ಬನ್ನಿ. ಅಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ 1129ರ ಗ್ರಂಥ. ಅದರಲ್ಲಿ ಮೀನು ಹಿಡಿಯುವುದನ್ನು ಅರಸರ ವಿನೋದವೆಂದು ಎಣಿಸಿ, ಸುಮಾರು 35 ಬಗೆಯ ಮೀನುಗಳನ್ನೂ ಅವುಗಳಿಗೆ ಹಾಕುವ ಮೇವನ್ನೂ ವಿವರಿಸಲಾಗಿದೆ. ನಿಮ್ಮದೇ ಜಿಲ್ಲೆಯ ಈ ಗ್ರಂಥವನ್ನು ಬಿಟ್ಟು ಬೇರೆಯವರ ಊರುಗಳ ಹೆಸರು ಹುಡುಕುತ್ತ ಹೋಗುವುದು ನನಗೆ ಸರಿಕಾಣುವುದಿಲ್ಲ. ಬರೆದ ಮೇಲೆ ಅಚ್ಚಿಗೆ ಕೊಡುವ ಮೊದಲು ಕಾರಂಜಾ ಜಲಾಶಯದ ಮೀನುಗಾರರೊಬ್ಬರಿಗೆ ಓದಿ ಹೇಳಿ. ಪ್ರಾಧ್ಯಾಪಕರಿಗೆ ಆಮೇಲೆ ತೋರಿಸಬಹುದು.

ಆ ರಾಜ್ಯೋತ್ಸವದ ನಂತರ ತಾಲೂಕಿನ ಸ್ಥಳನಾಮಗಳ ಸಂಪುಟವೊಂದಕ್ಕೆ ನಾನು ಬರೆಯಬೇಕಾಗಿದ್ದ ಅಧ್ಯಾಯವನ್ನು ಬೇರೆಯವರಿಗೆ ವಹಿಸಿದರು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ವರ್ಷ ಹೊತ್ತಿಗೆಯ ಕಟ್ಟುಗಳನ್ನು ಬಿಚ್ಚಲೇ ಇಲ್ಲ. ಆಮೇಲೆ ಒಂದು ಬೇಸಿಗೆ ರಜೆಯಲ್ಲಿ ಮಗಳು ಕುಳಿತು ಉಳಿದ ಪ್ರತಿಗಳೆಲ್ಲದರ 17ನೆಯ ಪುಟಕ್ಕೆ ತಿದ್ದುಪಡಿಯ ಚೀಟಿ ಅಂಟಿಸಿದಳು: ಅಮರನ ನಾಲ್ಕು ಸಾಲು, ಕೆಳಗೆ ಅವುಗಳ ಅರ್ಥ. ಅಂಟು ಹೆಚ್ಚಾಗಿ ಕೆಲವು ಪ್ರತಿಗಳಲ್ಲಿ 16 ಮತ್ತು 17ನೆಯ ಪುಟಗಳು ಕೂಡಿಕೊಂಡಿವೆ. ನಿಮಗೆ ಒಂದು ಪ್ರತಿ ಬೇಕಿದ್ದರೆ ತಿಳಿಸಿ; ಅಂಚೆ ಖರ್ಚು ನನ್ನದೇ.